ಕಲ್ಲಿಗೆ ನೀರು ಒಗ್ಗುವವರೆಗೆ

ಜನವರಿ 6

ತಮ್ಮಾ,

ಮೀನಿನ ಗಾಜಿನ ತೊಟ್ಟಿ ಒಡೆಯದೆ ಬಂತೆಂದು ನಿನ್ನ ಹೆಂಡತಿ ತಿಳಿಸಿದಳು. ಈಗ ಕಲ್ಲುಗಳ ಸರದಿ. ಮುಂದಿನ ವಾರ ಎರಡು ಪೆಟ್ಟಿಗೆ ಬರುತ್ತವೆ. ‘ಬುಡಮೇಲು ಮಾಡಬೇಡಿ’ ಎಂದು ನಾಲ್ಕೂ ಕಡೆ ಬರೆದಿದ್ದೇನೆ, ಹಾಗಾಗಿ ಖಂಡಿತ ಬುಡಮೇಲಾಗಿಯೇ ಬರುತ್ತವೆ. ಒದ್ದೆ ಪೇಪರಿನಲ್ಲಿ ಸುತ್ತಿದ ಹದಿನಾಲ್ಕು ಸಮುದ್ರದ ಕಲ್ಲುಗಳಿವೆ. ಹನ್ನೊಂದು ವರ್ಷ ನನ್ನ ಮುಂದಿನ ಕೋಣೆಯ ಉಪ್ಪುನೀರಿನಲ್ಲಿ ಇದ್ದವು. ಮೀನುಗಳನ್ನು ಅಂಗಡಿಯವನೇ ವಾಪಸ್ ತೆಗೆದುಕೊಂಡ. ಕಲ್ಲುಗಳನ್ನು ಮಾತ್ರ ಯಾರಿಗೋ ಕೊಡಲು ಮನಸ್ಸು ಬರಲಿಲ್ಲ.

ಯಾಕೆ ಮುಚ್ಚಿದೆ ಎಂದು ಕೇಳಬೇಡ. ಬಕೆಟ್ ಎತ್ತಲು ಸೊಂಟ ಒಪ್ಪುತ್ತಿಲ್ಲ, ಅಷ್ಟೇ. ಊರಿನ ಕುಡಿಯುವ ನೀರನ್ನೆಲ್ಲ ಪರೀಕ್ಷೆ ಮಾಡಿ ಸಹಿ ಹಾಕುವವಳಿಗೆ ಮನೆಯ ಒಂದು ತೊಟ್ಟಿ ಭಾರವಾಯಿತು ನೋಡು.

ಪೆಟ್ಟಿಗೆ ಬರುವ ಹಿಂದಿನ ದಿನವೇ ಉಪ್ಪುನೀರು ಕಲಸಿಡು. ಶುದ್ಧ ಮಾಡಿದ ನೀರೇ ಬೇಕು, ನಲ್ಲಿಯದು ಬೇಡ. ಪಂಪು ಹಾಕಿ ಒಂದು ಇಡೀ ದಿನ ತಿರುಗಲಿ. ಕಲ್ಲು ಬಿಚ್ಚಿದ ಕೂಡಲೇ ಒಂದೊಂದನ್ನೂ ಮೂಸಿ ನೋಡು. ಸಮುದ್ರದ ವಾಸನೆ ಬಂದರೆ ಒಳಗೆ, ಕೊಳೆತ ವಾಸನೆ ಬಂದರೆ ಬ್ರಷ್ ಹಿಡಿದು ಉಜ್ಜಿ ಆಮೇಲೆ ಒಳಗೆ.

ಫೋನ್ ಮಾಡಬೇಡ, ಬರಿ. ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದವಾದರೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರುತ್ತಾರೆ.

ನಿನ್ನ ಅಕ್ಕ


ಜನವರಿ 15

ಅಕ್ಕಾ,

ಬಂದವು, ಬುಡಮೇಲಾಗಿಯೇ. ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ ಬಿಚ್ಚಿದೆ. ಹದಿನಾಲ್ಕರಲ್ಲಿ ಹನ್ನೊಂದು ಕಲ್ಲು ಸಮುದ್ರದ ವಾಸನೆ, ಮೂರು ಯಾರೂ ಹೇಳಬಾರದ ವಾಸನೆ. ಕೋಟಿನ ಅಳತೆ ಕೊಡಲು ಬಂದ ಗುಮಾಸ್ತರು ಎರಡು ಕೈ ಎತ್ತಿ ನಿಂತವರು ಮೂಗು ಮುಚ್ಚಿಕೊಳ್ಳಲು ಒಂದನ್ನು ಇಳಿಸಿದರು. ಎದೆಯ ಅಳತೆ ಎರಡು ಇಂಚು ತಪ್ಪಿತು.

ಮೂರನ್ನೂ ಹಿತ್ತಲಿನಲ್ಲಿ ಕೂತು ಉಜ್ಜಿದೆ. ಆಮೇಲೆ ಜೋಡಿಸಿದೆ. ಗೋಡೆಯಂತೆ ಪೇರಿಸಲಿಲ್ಲ. ಕೆಳಗೆ ನೀರು ಓಡಾಡಲು ಜಾಗ ಬಿಟ್ಟು, ಒಂದಕ್ಕೊಂದು ಒರಗಿಸಿದೆ. ನಡುವೆ ಗುಹೆಯಂಥದ್ದು ತಾನಾಗಿಯೇ ಆಯಿತು. ಚಿನಕುರಳಿ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ನೋಡಿದಳು. “ಅಪ್ಪಾ, ಇದ್ರೊಳಗೆ ಯಾರಿದಾರೆ?” ಎಂದಳು. ಯಾರೂ ಇಲ್ಲ ಎಂದೆ. “ಇದಾರೆ, ಇನ್ನೂ ಎದ್ದಿಲ್ಲ” ಎಂದಳು. ಏಳು ವರ್ಷದವಳಿಗೆ ನನಗಿಂತ ಹೆಚ್ಚು ತಿಳಿದಿದೆ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀದಿಯ ಕಡೆಯಿಂದ ಬಿಸಿಲು ಬಂದು ತೊಟ್ಟಿಯನ್ನು ಹಾದು ನನ್ನ ಮೇಜಿಗೆ ಬೀಳುತ್ತದೆ. ಇವತ್ತು ಬಿಳಿ ಬಟ್ಟೆ ಹಾಸಿ ಚಾಕಿನಿಂದ ಗೆರೆ ಎಳೆದಿದ್ದೆ. ಬಟ್ಟೆಯ ತುಂಬ ನೀರಿನ ಬೆಳಕು ಅಲುಗಿತು, ಗೆರೆಯೂ ಅಲುಗಿತು. ಕತ್ತರಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನೀನೂ ಇಷ್ಟು ವರ್ಷ ಹೀಗೇ ನಿಲ್ಲುತ್ತಿದ್ದೆಯಾ?

ತಮ್ಮ


ಜನವರಿ 22

ತಮ್ಮಾ,

ನಿಲ್ಲುತ್ತಿದ್ದೆ. ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡದ್ದೂ ಉಂಟು.

ಈಗ ಕಿವಿಗೊಟ್ಟು ಕೇಳು. ದಾರಿಯಲ್ಲಿ ಕಲ್ಲಿನ ಮೇಲಿನ ಜೀವಗಳು ಅಷ್ಟಿಷ್ಟು ಸತ್ತಿರುತ್ತವೆ. ಅವು ಕೊಳೆತು ನೀರಿಗೆ ಅಮೋನಿಯಾ ಬಿಡುತ್ತವೆ. ಅದು ಮೀನಿಗೆ ವಿಷ. ಕಲ್ಲಿನ ಸಂದುಗಳಲ್ಲಿ ಅದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ, ಅವು ಬೆಳೆಯಬೇಕು. ಅವು ತಿಂದು ಬಿಟ್ಟದ್ದು ನೈಟ್ರೈಟ್, ಅದೂ ವಿಷವೇ. ಅದನ್ನು ತಿನ್ನುವ ಇನ್ನೊಂದು ಬಳಗ ಆಮೇಲೆ ಏಳುತ್ತದೆ. ಎರಡೂ ಬಳಗ ತುಂಬಿಕೊಂಡ ಮೇಲೆಯೇ ನೀರು ನೀರಾಗುವುದು. ಐದು ವಾರ, ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಒಂದು ಮೀನೂ ಬೇಡ. ದೀಪವೂ ಬೇಡ.

ಪೆಟ್ಟಿಗೆಯಲ್ಲಿ ಪರೀಕ್ಷೆಯ ಬಾಟಲಿಗಳಿವೆ. ಎರಡು ದಿನಕ್ಕೊಮ್ಮೆ ನೋಡು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಅಂಕಿ ಮಾತ್ರ ಬರೆಯಬೇಡ, ಬಣ್ಣ ಹೇಗಿತ್ತು ಎಂದು ಬರಿ. ಕಲ್ಲು ಹೇಗೆ ಕಾಣುತ್ತದೆ, ಯಾವುದರ ಮೇಲೆ ನೇರಳೆ ಪಾಚಿ ಉಳಿದಿದೆ, ನೀರಿನಲ್ಲಿ ಬೆಳಕು ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲವನ್ನೂ ಬರಿ. ಕಪ್ಪು ಇಂಕಿನಲ್ಲಿ ಬರಿ. ಕಳೆದ ಸಲದ ನೀಲಿ ಇಂಕು ಸತ್ತುಹೋದ ಹಾಗಿತ್ತು.

ಅಕ್ಕ


ಜನವರಿ 31

ಅಕ್ಕಾ,

ಬಣ್ಣದ ವಿಷಯದಲ್ಲಿ ದರ್ಜಿಗೆ ಸವಾಲು ಹಾಕಿದ್ದೀಯ. ಇವತ್ತಿನ ಅಮೋನಿಯಾ: ಎಳೆಯ ಎಲೆಯಲ್ಲ, ಬಲಿತ ಎಲೆಯೂ ಅಲ್ಲ, ಶಾಲೆಯ ಹಲಗೆಯಷ್ಟು ಕಪ್ಪೂ ಅಲ್ಲ. ಹೊಸ ಬಾಗಿಲಿಗೆ ಮೊದಲ ಕೋಟು ಬಳಿದಾಗ ಒದ್ದೆಯಾಗಿ ಹೊಳೆಯುವ ಹಸಿರು. ಮಾತಿನಲ್ಲಿ ಯಾಕೆ ಒದ್ದಾಡಲಿ ಎಂದು ನೂಲಿನ ರೀಲುಗಳನ್ನೆಲ್ಲ ಕಿಟಕಿಯ ಬಳಿ ಹರಡಿ ಹೊಂದಿಸಿದೆ. ಕೆಳಗೆ ಅಂಟಿಸಿದ್ದೇನೆ ನೋಡು. ಮೊದಲನೆಯದು ಕಳೆದ ವಾರದ್ದು, ಎರಡನೆಯದು ಸೋಮವಾರದ್ದು, ಮೂರನೆಯದು ಇವತ್ತಿನದು. ಕಲ್ಲಿನ ನೇರಳೆಗೂ ಒಂದು ಎಳೆ ಇದೆ.

ಅಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆ. “ಏನ್ ಸ್ವಾಮಿ, ಮೀನೆಲ್ಲಿ?” “ಇನ್ನೂ ಬಂದಿಲ್ಲ.” “ಮತ್ತೆ ಏನ್ ಸಾಕ್ತಿದೀರಿ?” “ಕಲ್ಲು.” ಗುಮಾಸ್ತರು, “ಒಳ್ಳೇದು, ಕೂಗೋದಿಲ್ಲ, ಕಚ್ಚೋದಿಲ್ಲ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳತೆ ಮತ್ತೆ ತಪ್ಪಿತು. ಈ ಮನುಷ್ಯನ ಕೋಟು ಮುಗಿಯುವುದಿಲ್ಲ.

ನಿನ್ನೆ ಒಂದು ಸಂಗತಿ ನಡೆಯಿತು. ಗುಹೆಯ ಬಾಯಿಯಲ್ಲಿ ಕೂದಲಿನಷ್ಟು ತೆಳ್ಳಗಿನ ತೋಳೊಂದು ಹೊರಬಂದು, ನೀರನ್ನು ಮುಟ್ಟಿ ನೋಡಿ, ಒಳಗೆ ಹೋಯಿತು. ಯಾರೋ ಇದ್ದಾರೆ. ಚಿನಕುರಳಿ ಹೇಳಿದ್ದು ಸರಿ.

ತಮ್ಮ


ಫೆಬ್ರವರಿ 9

ತಮ್ಮಾ,

ಅದು ಸಣ್ಣ ನಕ್ಷತ್ರಮೀನಿನ ಜಾತಿಯದು, ತೋಳಿನಿಂದಲೇ ನಡೆಯುತ್ತದೆ. ಬದುಕಿದೆಯಲ್ಲ! ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಸಂಜೆಯಾಗಿತ್ತು. ತೊಟ್ಟಿ ಇದ್ದ ಮೂಲೆ ಖಾಲಿ, ಆದರೂ ನೀರಿನ ಸದ್ದು ಕೇಳಿದ ಹಾಗಾಯಿತು. ನಿಜವಾಗಿ ಮೇಲಿನ ಮನೆಯವರ ನಲ್ಲಿ.

ನೂಲು ಅಂಟಿಸಬೇಡ. ಅದು ಬೇಡ. ನಿನ್ನ ಬಾಗಿಲಿನ ಹಸಿರು ಚೆನ್ನಾಗಿತ್ತು, ಹಾಗೆ ಮಾತಿನಲ್ಲೇ ಬರಿ. ಹೆಚ್ಚು ಬರಿ.

ಅವಸರ ಮಾಡಬೇಡ. ನಿನಗೆ ಕಾಯುವುದು ಗೊತ್ತಿಲ್ಲ, ಚಿಕ್ಕಂದಿನಿಂದ ಹಾಗೆಯೇ.

ಅಕ್ಕ


ಫೆಬ್ರವರಿ 16

ಅಕ್ಕಾ,

ನೂಲು ಬೇಡವೆಂದರೆ ಬೇಡ. ಒಂದು ಮಧ್ಯಾಹ್ನವಿಡೀ ಹೊಂದಿಸಿದ್ದೆ, ಇರಲಿ.

ಒಂದು ಮಾತು ಕೇಳಲೇ? ನಿನ್ನ ಕಾಗದದಲ್ಲಿ ಸಾಲಿಗೆ ನಾಲ್ಕೇ ಪದ, ಒಂದೊಂದು ಅಕ್ಷರವೂ ಅಂಗೈಯಗಲ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಿಜ. ಓದಲು ಬರುತ್ತದೆ. ಪರೀಕ್ಷೆ ಮೇಡಂ ಹಾಗೆ ‘ಬರಿ, ಬರಿ’ ಎನ್ನುತ್ತೀಯ. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಕಲ್ಲು ಯಾಕೆ ಕಳಿಸಿದೆ?

ಅಮೋನಿಯಾ ಹಳದಿ. ಎಲ್ಲ ಸರಿಯಾಗಿದೆ.

ತಮ್ಮ

(ಹಾಳೆಯ ಹಿಂಬದಿ, ಪೆನ್ಸಿಲಿನಲ್ಲಿ)

ಅತ್ತೆ, ಅಪ್ಪ ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ರು, ಅದಕ್ಕೆ ಬರೀತಿದೀನಿ. ನಾವು ಎರಡು ಮೀನು ತಂದಿದ್ವಿ. ಒಂದರ ಹೆಸರು ಗುಂಡಿ, ಇನ್ನೊಂದು ಕಾಜಾ. ಮೂರು ದಿನಕ್ಕೆ ಸತ್ತೋದ್ವು. ಅಪ್ಪ ನಿಮಗೆ ಹೇಳ್ಬೇಡ ಅಂದಿದಾರೆ. ನಾನೇ ಮೀನು ಬೇಕು ಅಂತ ಅತ್ತಿದ್ದು. ಅವು ನನ್ನಿಂದ ಸತ್ವಾ? ಬೇಗ ಬರೀರಿ.


ಫೆಬ್ರವರಿ 25

ತಮ್ಮಾ,

ಕೋಪ ಮಾಡಿಕೊಂಡಿದ್ದೀಯ. ಅಕ್ಷರ ದೊಡ್ಡದಾದದ್ದು ಪೆನ್ನಿನ ತಪ್ಪು, ಮೊನೆ ದಪ್ಪ. ನಿನ್ನನ್ನು ನಂಬದೆ ಇನ್ನಾರನ್ನು ನಂಬಲಿ?

ಅಮೋನಿಯಾ ಇಳಿದದ್ದು ಸಂತೋಷ. ಹಸಿರಿಗೆ ಆರು ಸಾಲು ಬರೆದವನು ಹಳದಿಗೆ ಒಂದೇ ಪದ ಬರೆದೆ. ಅಂಗಡಿಯಲ್ಲಿ ಕೆಲಸ ಜಾಸ್ತಿಯೇನೋ. ಇನ್ನು ನೈಟ್ರೈಟ್ ಏರುತ್ತದೆ. ಅದರ ನೇರಳೆ ನೋಡಿ ಹೆದರಬೇಡ.

ಆಫೀಸಿನಲ್ಲಿ ಎಲ್ಲ ಎಂದಿನಂತೆ. ನನ್ನ ಪಕ್ಕದ ಮೇಜಿನವಳು ನಿನ್ನ ಗುಮಾಸ್ತರ ಕಥೆ ಕೇಳಿ ನಕ್ಕಳು. ಚಿನಕುರಳಿ ಹೇಗಿದ್ದಾಳೆ? ನನಗೆ ಒಂದು ಗೆರೆಯೂ ಬರೆಯುವುದಿಲ್ಲ ಅವಳು, ಮರೆತೇಬಿಟ್ಟಳೇನೋ ಅತ್ತೆಯನ್ನು.

ಅಕ್ಕ


ಮಾರ್ಚ್ 5

ಅಕ್ಕಾ,

ನಿನ್ನ ಕಾಗದವನ್ನು ಜೋರಾಗಿ ಓದಿದೆ. ಕಡೆಯ ಸಾಲಿಗೆ ಚಿನಕುರಳಿ ಕೈಯಲ್ಲಿದ್ದ ಪುಸ್ತಕ ಎಸೆದಳು. “ಬರ್ದಿದೀನಿ! ಹಿಂದುಗಡೆ ಇಷ್ಟು ಬರ್ದಿದೀನಿ! ಅತ್ತೆ ಸುಳ್ಳು ಹೇಳ್ತಾರೆ!” ಏನು ಬರೆದೆ ಎಂದು ಕೇಳಿದೆ. ಹೇಳುವುದಿಲ್ಲ ಎಂದಳು. ಅವರಮ್ಮ ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಿದ ಮೇಲೆ ಹೇಳಿದಳು. ಹತ್ತು ದಿನದಿಂದ ಅಂಚೆಯವರು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಮೊದಲು ನನ್ನ ತಪ್ಪು. ನಾಲ್ಕನೆಯ ವಾರ ಅಮೋನಿಯಾ ಇನ್ನೂ ಹಸಿರೇ ಇತ್ತು. ಮಗಳು ಅತ್ತಳು. ಅಂಗಡಿಯಲ್ಲಿ ಎಲ್ಲರೂ ‘ಕಲ್ಲು ಸಾಕುವವನು’ ಎನ್ನುತ್ತಿದ್ದರು. ತಂದುಬಿಟ್ಟೆ, ಎರಡು ಪುಟ್ಟ ಮೀನು. ಮೊದಲ ದಿನ ಗುಹೆಯ ಸುತ್ತ ಓಡಾಡಿದವು. ಮೂರನೆಯ ಬೆಳಿಗ್ಗೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕತ್ತರಿ ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ನನಗೆ ಏನೂ ಮಾಡಲು ಗೊತ್ತಾಗಲಿಲ್ಲ. ನಿನಗೆ ಹಳದಿ ಎಂದು ಬರೆದೆ. ನಾಚಿಕೆಯಿಂದ ಬರೆದೆ.

ಈಗ ನಿನ್ನ ಮಾತು. ಅಲ್ಪವಿರಾಮ ಬಿಟ್ಟರೂ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತಿದ್ದವಳು ನೀನು. ಅರ್ಧ ಪುಟದ ಪೆನ್ಸಿಲ್ ಬರಹ ಹೇಗೆ ತಪ್ಪಿತು? ನಿನ್ನ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಹಾಸಿದೆ. ಜನವರಿಯಿಂದ ಅಕ್ಷರ ಬೆಳೆಯುತ್ತ ಹೋಗಿದೆ. ಕಡೆಯದರಲ್ಲಿ ಎರಡು ಸಾಲು ಒಂದರ ಮೇಲೊಂದು ಹತ್ತಿವೆ. ಕಪ್ಪು ಇಂಕು ಎಂದೆ. ನೂಲು ಬೇಡ ಎಂದೆ. ಬಣ್ಣವನ್ನು ಮಾತಿನಲ್ಲಿ ಹೇಳು ಎಂದೆ.

ಅಕ್ಕಾ, ನಿನಗೆ ಕಣ್ಣು ಕಾಣುತ್ತಿದೆಯಾ?

ಈ ಕಾಗದವನ್ನು ಬಟ್ಟೆಗೆ ಗುರುತು ಹಾಕುವ ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ. ಉತ್ತರ ಬರಿ. ಇಲ್ಲದಿದ್ದರೆ ಬರುತ್ತೇನೆ.

ತಮ್ಮ


ಮಾರ್ಚ್ 28

ತಮ್ಮಾ,

ಮೂರು ವಾರ ತಡಮಾಡಿದೆ. ಬರಲಿಲ್ಲ ನೀನು, ಒಳ್ಳೆಯದಾಯಿತು. ಬಂದಿದ್ದರೆ ಮೇಲಧಿಕಾರಿಯ ಹತ್ತಿರ ನಿನ್ನ ಕೈ ಹಿಡಿದುಕೊಂಡು ಹೋಗುತ್ತಿದ್ದೆ. ಈಗ ಒಬ್ಬಳೇ ಹೋಗಿಬಂದೆ.

ಕಳೆದ ಅಕ್ಟೋಬರಿನಿಂದ ನಾನು ದಿಟ್ಟಿಸಿದ್ದು ಮಾಯವಾಗುತ್ತಿದೆ. ಗಡಿಯಾರ ನೋಡಿದರೆ ಮುಳ್ಳಿಲ್ಲ, ಸುತ್ತಿನ ಅಂಚು ಮಾತ್ರ. ಯಾರದೋ ಮುಖ ನೋಡಿದರೆ ಕಿವಿ ಇದೆ, ಕೂದಲಿದೆ, ಮುಖ ಇರಬೇಕಾದಲ್ಲಿ ಬೂದು ಮಸುಕು. ಎರಡೂ ಕಣ್ಣು. ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ತೊಟ್ಟಿ ಮುಚ್ಚಿದ್ದು ಸೊಂಟದಿಂದಲ್ಲ. ಅದರ ಮುಂದೆ ಕೂತರೆ ಮೀನುಗಳು ಒಂದೊಂದಾಗಿ ನಡುವಿಗೆ ಬಂದು ಆರಿಹೋಗುತ್ತಿದ್ದವು. ನಿನ್ನ ಕಾಗದದಲ್ಲಿಯಾದರೆ ಆರುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಒಂದು ಪುಟಕ್ಕೆ ಎರಡು ದಿನ ಬೇಕಾಗುತ್ತಿತ್ತು. ಓದಿ ಮುಗಿಸಿದ ಮೇಲೆ ಕಣ್ಣು ಮುಚ್ಚಿದರೆ ನಿನ್ನ ಅಂಗಡಿ, ಬಿಳಿ ಬಟ್ಟೆ, ಅಲುಗುವ ಗೆರೆ, ಎಲ್ಲ ಕಾಣುತ್ತಿತ್ತು. ಫೋನ್ ಬೇಡವೆಂದದ್ದು ಜಗಳಕ್ಕೆ ಹೆದರಿ ಅಲ್ಲ. ನನ್ನ ದನಿ ಕೇಳಿದರೆ ನೀನು ಒಂದೇ ಕ್ಷಣದಲ್ಲಿ ಹಿಡಿದುಬಿಡುತ್ತಿದ್ದೆ.

ನೀನು ಒಂದು ಹಳದಿಯನ್ನು ಸುಳ್ಳು ಬರೆದೆ. ನಾನು ಐದು ತಿಂಗಳು ಬರೆದೆ. ಲ್ಯಾಬಿನಲ್ಲಿ ನಮ್ಮ ಕೆಲಸವೂ ಬಣ್ಣವೇ. ನಲ್ಲಿಯ ನೀರಿಗೆ ಔಷಧಿ ಹಾಕಿದರೆ ಗುಲಾಬಿ ಬರಬೇಕು, ಬಂದರೆ ಕುಡಿಯಬಹುದು. ನನಗೆ ಗುಲಾಬಿಯೂ ಇಲ್ಲ, ಬಿಳಿಯೂ ಇಲ್ಲ. ಅಂದಾಜಿನಲ್ಲಿ ಬರೆದು ಸಹಿ ಹಾಕಿದೆ. ಇಪ್ಪತ್ತಾರು ವರ್ಷ ತಪ್ಪದ ಸಹಿ ಅದು. ಬಿಟ್ಟರೆ ನಾನು ಯಾರು ಎನ್ನುವ ಭಯ.

ನಿನ್ನ ದಪ್ಪ ಪೆನ್ನಿನ ಕಾಗದ ಬಂದ ಮೇಲೆ, ಫೆಬ್ರವರಿಯ ಹಾಳೆಯನ್ನು ತೆಗೆದುಕೊಂಡು ಹೋಗಿ ಪಕ್ಕದ ಮೇಜಿನವಳಿಗೆ ಕೊಟ್ಟೆ. ಹಿಂಬದಿಯದನ್ನು ಓದು ಎಂದೆ. ಅವಳು ಓದಿದಳು. ‘ಅವು ನನ್ನಿಂದ ಸತ್ವಾ’ ಎಂಬಲ್ಲಿ ನಿಲ್ಲಿಸಿದಳು. ಆ ಮಗು ಆ ಪ್ರಶ್ನೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದೆ, ನಾನು ಇಲ್ಲಿ ಅಂದಾಜಿನಲ್ಲಿ ಸಹಿ ಹಾಕುತ್ತ ಕೂತಿದ್ದೇನೆ. ಅವಳಿಗೆ ಎಲ್ಲ ಹೇಳಿದೆ. ಅವಳು ಹಾಳೆ ಮಡಿಸಿ ಕೊಡುತ್ತ, “ಗೊತ್ತು ಕಣೇ. ಡಿಸೆಂಬರಿಂದ ನಿನ್ನ ಬಾಟ್ಲಿಗಳನ್ನೆಲ್ಲ ಎರಡನೇ ಸಲ ನಾನೇ ನೋಡ್ತಿದೀನಿ. ಒಂದು ಬೀದಿದು ತಪ್ಪಿತ್ತು, ತಿದ್ದಿದೆ. ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ” ಎಂದಳು.

ಒಂದು ಬೀದಿ, ತಮ್ಮಾ. ಅಲ್ಲಿ ಎಷ್ಟು ಮನೆ, ಎಷ್ಟು ಲೋಟ.

ಅಲ್ಲಿಂದ ನೇರ ಮೇಲಧಿಕಾರಿಯ ಕೋಣೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈದರು, ಬೈಯಲೇಬೇಕಿತ್ತು. ಬಣ್ಣದ ಕೆಲಸದಿಂದ ತೆಗೆದಿದ್ದಾರೆ. ಮುಂದೇನೆಂದು ಇನ್ನೂ ತೀರ್ಮಾನವಾಗಿಲ್ಲ.

ಈ ಕಾಗದವನ್ನು ಅವಳ ಕೈಯಲ್ಲಿ ಬರೆಸಿದ್ದೇನೆ. ಇಷ್ಟು ಚಂದದ ಅಕ್ಷರ ನನ್ನದಲ್ಲವೆಂದು ನಿನಗೆ ಆಗಲೇ ಗೊತ್ತಾಗಿರುತ್ತದೆ.

ಚಿನಕುರಳಿಗೆ ಇದನ್ನು ಓದಿ ಹೇಳು: ಪುಟ್ಟಾ, ಗುಂಡಿ ಮತ್ತು ಕಾಜಾ ನಿನ್ನಿಂದ ಸಾಯಲಿಲ್ಲ. ಬೇಕು ಎಂದು ಅಳುವುದು ಮಕ್ಕಳ ಕೆಲಸ. ಬೇಡ, ಇನ್ನೂ ಹೊತ್ತಾಗಿಲ್ಲ ಎನ್ನುವುದು ದೊಡ್ಡವರ ಕೆಲಸ. ದೊಡ್ಡವರು ಅದನ್ನು ಮಾಡಲಿಲ್ಲ. ನೀನು ಬರೆದದ್ದು ನನಗೆ ಕಾಣಲಿಲ್ಲ, ಅತ್ತೆಯ ಕಣ್ಣು ಹಾಳಾಗಿದೆ. ಕಂಡಿದ್ದರೆ ಅದೇ ದಿನ ಬರೆಯುತ್ತಿದ್ದೆ.

ಅಕ್ಕ


ಏಪ್ರಿಲ್ 6

ಅಕ್ಕಾ,

ಪಕ್ಕದ ಮೇಜಿನ ಅಮ್ಮನವರು ಇದನ್ನು ನಿನಗೆ ಓದಿ ಹೇಳುತ್ತಾರೆಂದು ನಂಬಿ ಬರೆಯುತ್ತಿದ್ದೇನೆ. ಅಮ್ಮಾ, ನಿಮಗೆ ನನ್ನ ನಮಸ್ಕಾರ. ನಿಮಗೊಂದು ರವಿಕೆ ಹೊಲಿದುಕೊಡುವವರೆಗೆ ನನಗೆ ಸಮಾಧಾನವಿಲ್ಲ.

ಚಿನಕುರಳಿ ಪೂರ್ತಿ ಕೇಳಿದಳು. ಆಮೇಲೆ ನನ್ನನ್ನೇ ನೋಡಿ, “ಹಾಗಾದ್ರೆ ನಿಮ್ಮಿಂದ” ಎಂದಳು. ಹೌದು ಎಂದೆ. “ಸರಿ” ಎಂದು ಆಡಲು ಹೋದಳು. ಒಂದೂವರೆ ತಿಂಗಳ ಮೇಲೆ ಅವಳು ಓಡುವ ಸದ್ದು ಕೇಳಿದ್ದು.

ನನಗೆ ಮಾತ್ರ ನಿನ್ನ ಕಾಗದ ಓದಿದಂದು ಮಷಿನ್ ತುಳಿಯಲು ಆಗಲಿಲ್ಲ. ನಂಬಿಕೆ ಇಲ್ಲವೆಂದೆನಲ್ಲ ನಿನಗೆ. ಒಂದು ಪುಟಕ್ಕೆ ಎರಡು ದಿನ ಕೂತು ಓದುವವಳಿಗೆ, ಅಕ್ಷರ ದೊಡ್ಡದಾಯಿತು ಎಂದು ಹಂಗಿಸಿದೆ.

ನೀರಿನ ಸಮಾಚಾರ ಕೇಳು. ಈ ಸಲ ನಾನು, ನನ್ನ ಹೆಂಡತಿ, ಗುಮಾಸ್ತರು, ಮೂವರೂ ಬೇರೆ ಬೇರೆ ನೋಡಿ ಒಂದೇ ಮಾತು ಹೇಳಿದ್ದೇವೆ. ಅಮೋನಿಯಾ ಹಳದಿ: ಹೊಸ ಟೇಪಿನ ಹಳದಿಯಲ್ಲ, ಹತ್ತು ವರ್ಷ ಕುತ್ತಿಗೆಯಲ್ಲಿ ನೇತಾಡಿದ ಟೇಪಿನ ಹಳದಿ, ಬಿಸಿಲಿಗೆ ಹಿಡಿದರೆ ಒಳಗೆ ಬೇರೇನೂ ಇಲ್ಲದ ಹಳದಿ. ನೈಟ್ರೈಟ್ ಮಾರ್ಚ್ ಪೂರ್ತಿ ನೇರಳೆಯಾಗಿ ಕೂತಿದ್ದದ್ದು ಈಗ ಆಕಾಶದ ಹಾಗೆ ತಿಳಿನೀಲಿ, ಅಂದರೆ ವಿಷ ಉಳಿದಿಲ್ಲ. ಕಲ್ಲಿನ ಮೇಲೆ ಕಂದು ಪುಡಿ ಹರಡಿತ್ತು, ಅದೂ ತೆಳುವಾಗಿದೆ, ಕೆಳಗಿನಿಂದ ನೇರಳೆ ಮತ್ತೆ ಮೇಲೇಳುತ್ತಿದೆ. ಕಾಲುಭಾಗ ನೀರು ಬದಲಿಸಿದೆ. ಆಮೇಲೆ ಹತ್ತು ದಿನ ಏನೂ ಮಾಡದೆ ಕೂರಲಿದ್ದೇನೆ. ಬರಿಯ ಕೂರುವುದು. ನನಗೆ ಇದು ದೊಡ್ಡ ಕೆಲಸವೆಂದು ನಿನಗೆ ಗೊತ್ತು.

ಅದಾದ ಮೇಲೆ ಮೀನಲ್ಲ, ಸಿಗಡಿ ಜಾತಿಯದೊಂದು ತರುತ್ತೇನೆ. ಕೆಂಪು ಮೈ, ಬೆನ್ನ ಮೇಲೆ ಉದ್ದಕ್ಕೆ ಬಿಳಿ ಪಟ್ಟೆ. ಮೀನುಗಳ ಮೈ ಮೇಲಿನ ಕೊಳೆ ಹೆಕ್ಕಿ ತಿನ್ನುತ್ತದಂತೆ. ಅದು ಬಂದ ಮೇಲೆ ನೀನು ಬಾ. ಎಷ್ಟು ದಿನ ಬೇಕಾದರೂ ಇರು, ಬಂದು ಇಲ್ಲೇ ಇದ್ದುಬಿಡು ಎಂದೂ ಹೇಳುತ್ತೇನೆ, ನೀನು ಬೈದರೂ ಸರಿ.

ತಮ್ಮ


ಮೇ 11

ತಮ್ಮಾ,

ಕ್ಷೇಮವಾಗಿ ಮನೆಗೆ ವಾಪಸ್ ತಲುಪಿದೆ. ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಎಷ್ಟು ಮೆಟ್ಟಿಲು, ಯಾವ ಕಡೆ ತಿರುವು, ಎಲ್ಲ ಲೆಕ್ಕವಿಟ್ಟುಕೊಂಡಿದ್ದೇನೆ. ಹಾಗಾಗಿ ಇಲ್ಲೇ ಇದ್ದುಬಿಡು ಎಂದ ನಿನ್ನ ಮಾತಿಗೆ ಈಗ ಉತ್ತರ: ಬೇಡ, ಆದರೆ ತಿಂಗಳಿಗೊಮ್ಮೆ ಬರುತ್ತೇನೆ. ಸ್ಟೇಷನ್ನಿಗೆ ಬಂದು ಗೇಟಿನ ಬಳಿ ನಿಲ್ಲು, ಪ್ಲಾಟ್‌ಫಾರಂ ಒಳಗೆ ಓಡಿ ಬಂದು ಕೈ ಹಿಡಿಯಬೇಡ. ಆಫೀಸಿನಲ್ಲಿ ನನ್ನನ್ನು ವಾಸನೆಯ ಮೇಜಿಗೆ ಹಾಕಿದ್ದಾರೆ. ನೀರನ್ನು ಬಿಸಿ ಮಾಡಿ ಮೂಸಿ, ಮಣ್ಣೋ ಪಾಚಿಯೋ ಔಷಧಿಯೋ ಎಂದು ಹೇಳುವ ಕೆಲಸ. ಪಕ್ಕದ ಮೇಜಿನವಳು ಬರೆದುಕೊಳ್ಳುತ್ತಾಳೆ. ಇಬ್ಬರ ಸಹಿ.

ಇದನ್ನು ನಾನೇ ಬರೆಯುತ್ತಿದ್ದೇನೆ, ಗೆರೆ ಕೊರೆದ ರಟ್ಟು ಇಟ್ಟುಕೊಂಡು. ಒಂದು ಮಾತು ಅವಳ ಕೈಯಲ್ಲಿ ಬರೆಸಲು ಇಷ್ಟವಿರಲಿಲ್ಲ.

ನಿನ್ನ ಅಂಗಡಿಯಲ್ಲಿ ಅಂದು ಬೆಳಿಗ್ಗೆ ನೀನು ತೊಟ್ಟಿಯ ಮುಚ್ಚಳ ತೆಗೆದು, “ಕೈ ಬಿಡಕ್ಕಾ, ಏನೂ ಆಗಲ್ಲ” ಎಂದೆ. ಮೊಣಕೈವರೆಗೆ ಬಿಟ್ಟೆ. ನೀರು ಉಗುರುಬೆಚ್ಚಗಿತ್ತು. ಕಲ್ಲು ಬೆರಳಿಗೆ ಸಿಕ್ಕಿತು, ನನಗೆ ಗುರುತಿದ್ದ ಕಲ್ಲೇ, ಒರಟು ಬದಿ ಮೇಲೆ. ಮಷಿನ್ ನಿಂತಿತ್ತು. ಗುಮಾಸ್ತರು ಅಳತೆ ಕೊಡಲು ಬಂದವರು ಉಸಿರು ಹಿಡಿದಿದ್ದರು. ಚಿನಕುರಳಿ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು, “ಬರ್ತಿದೆ ಅತ್ತೆ, ಬರ್ತಿದೆ, ಹತ್ರ ಬಂತು.” ಆಮೇಲೆ ನನ್ನ ಉಗುರಿನ ಸುತ್ತ ನೂರು ಸಣ್ಣ ಚಿವುಟು. ನೋವಲ್ಲ. ಯಾರೋ ಬಹಳ ಗಮನವಿಟ್ಟು ನನ್ನ ಬೆರಳನ್ನು ಓದುತ್ತಿರುವ ಹಾಗೆ.

ಆಗ ನಾನು ಮುಖ ತಿರುಗಿಸಿ ಗೋಡೆಯ ಕಡೆ ನೋಡಿದೆ. ನೀನು ಮೆಲ್ಲಗೆ ಮುಚ್ಚಳ ಎತ್ತಿಕೊಂಡು, “ಬೇಜಾರಾಯ್ತಾ ಅಕ್ಕಾ? ಸಾಕು ಬಿಡು” ಎಂದೆ. ಕಾಣದ್ದಕ್ಕೆ ದುಃಖಪಟ್ಟೆ ಎಂದುಕೊಂಡೆ ನೀನು. ಎಲ್ಲರ ಮುಂದೆ ಬಿಡಿಸಿ ಹೇಳಲು ಆಗಲಿಲ್ಲ.

ಕಣ್ಣಿನ ನಡುಭಾಗ ಹೋದರೂ ಅಂಚು ಇದೆ, ಓರೆಯಾಗಿ ನೋಡುವುದನ್ನು ಕಲಿಯಿರಿ ಎಂದು ಡಾಕ್ಟರು ತಿಂಗಳಿನಿಂದ ಹೇಳುತ್ತಿದ್ದಾರೆ. ನನಗೆ ಬರುತ್ತಿರಲಿಲ್ಲ. ಬೇಕಾದದ್ದರ ಕಡೆ ಮುಖ ಮಾಡದೆ ಅದನ್ನು ನೋಡುವುದು ಹೇಗೆ? ಅಂದು ಆ ಚಿವುಟಿಗೆ ಮುಖ ತಾನಾಗಿ ಪಕ್ಕಕ್ಕೆ ಹೋಯಿತು. ಗೋಡೆಯ ಮೊಳೆಗೆ ನೇತುಹಾಕಿದ ಗುಮಾಸ್ತರ ಅರ್ಧ ಕೋಟಿನ ಮೇಲೆ ದೃಷ್ಟಿ ನೆಟ್ಟೆ. ಕೋಟು ಮಾಯವಾಯಿತು. ಅದರ ಪಕ್ಕದಲ್ಲಿ, ಬಿಸಿಲು ತುಂಬಿದ ನೀರಿನಲ್ಲಿ, ನನ್ನ ಕೈ ಇತ್ತು. ಕೈಯ ಮೇಲೆ ಕೆಂಪಗೆ, ಬೆನ್ನ ಮೇಲೆ ಬಿಳಿ ಗೆರೆ ಹೊತ್ತು, ಉದ್ದ ಮೀಸೆ ಆಡಿಸುತ್ತ ಅದು ಕೂತಿತ್ತು.

ನಾನು ಗೋಡೆ ನೋಡುತ್ತಿರಲಿಲ್ಲ ಕಣೋ. ಅದನ್ನೇ ನೋಡುತ್ತಿದ್ದೆ.

ಅಕ್ಕ